ವರ್ಗವಾದವರು

ನಾಗಮಂಗಲದಿಂದ ಕೃಷ್ಣರಾಜಪೇಟೆಗೆ ಬಡ್ತಿಯ ಮೇಲೆ ವರ್ಗವಾದಾಗ ಮನೆಯಲ್ಲಿ ಕೇಳಿದ್ದು ಒಂದೇ ಮಾತು: "ಬೇಡ ಅಂತ ಬರೆದುಕೊಟ್ಟರಾಗದೆ? ಬೆಳಗಿನ ತಿಂಡಿಯ ಗತಿ?" ಗಂಡಸರ ವರ್ಗಕ್ಕೆ ಈ ಪ್ರಶ್ನೆ ಏಳುವುದಿಲ್ಲ. ನಾನು ಹೋದೆ. ನಿಲ್ಲದೆ ಹೋಗುವ ಬಸ್ಸುಗಳಿಗೆ ಕೈಯೊಡ್ಡುತ್ತಾ ಪಾಂಡವಪುರವನ್ನೂ ಮುಗಿಸಿ ಶ್ರೀರಂಗಪಟ್ಟಣ ಸೇರಿದೆ.

ಇಲ್ಲಿ ಚರಿತ್ರೆ ಪಾಠ ಮಾಡುವಾಗ ಪೂರ್ಣಯ್ಯನವರು ಹತ್ತಿರದವರೆನಿಸುತ್ತಾರೆ. 1799ರ ಮೇ 4ರಂದು ಟಿಪ್ಪು ಮಡಿದ. ಅವನ ಹಣಕಾಸು ನೋಡುತ್ತಿದ್ದ ಪೂರ್ಣಯ್ಯ ಕೆಲವೇ ವಾರಗಳಲ್ಲಿ ಎಳೆಯ ಮುಮ್ಮಡಿ ಕೃಷ್ಣರಾಜ ಒಡೆಯರ ದಿವಾನರಾದರು. ಇದನ್ನು ದ್ರೋಹವೆನ್ನುವವರಿದ್ದಾರೆ. ಸೋತ ನಾಡಿಗೂ ಕಂದಾಯದ ಲೆಕ್ಕ ಬಲ್ಲವರೊಬ್ಬರು ಬೇಕಲ್ಲವೆ? ನನ್ನನ್ನು ಕಾಡುವುದು ಬೇರೆ. ರಾಜಧಾನಿ ಮೈಸೂರಿಗೆ ಹೋಯಿತು. ಅರಮನೆಯನ್ನೇ ನೆಚ್ಚಿದ್ದ ದರ್ಜಿ, ಕಾರಕೂನರ ಮನೆಯ ಹೆಂಗಸರು ಪಾತ್ರೆಪಡಗ ಗಂಟುಕಟ್ಟಿದ ಬಗ್ಗೆ ನಾನು ಕಲಿಸುವ ಪಠ್ಯದಲ್ಲಿ ಒಂದು ಸಾಲೂ ಇಲ್ಲ.

ಪೂರ್ಣಯ್ಯ 1811ರಲ್ಲಿ ಕೆಲಸ ಬಿಟ್ಟು ಪಟ್ಟಣಕ್ಕೇ ಮರಳಿದರು, ಮರುವರ್ಷ ತೀರಿಕೊಂಡರು. 1804ರಲ್ಲಿ ಅವರ ಉಸ್ತುವಾರಿಯಲ್ಲಿ ಕಾವೇರಿಗೆ ಕಟ್ಟಿದ ಕಲ್ಲಿನ ಸೇತುವೆ ಇನ್ನೂ ಇದೆ. ಅದನ್ನು ತೋರಿಸಲು ಮಕ್ಕಳನ್ನು ಕರೆದೊಯ್ದಾಗ ಒಬ್ಬಳು ಕೇಳಿದಳು: "ಮಿಸ್, ದಿವಾನರು ಮೈಸೂರಿಗೆ ಹೋದ್ರೆ ಮನೆಯೋರೂ ಹೋಗ್ಬೇಕಿತ್ತಾ?"

ಕೇಳಿದವಳ ತಾಯಿ ದಿನಾ ಬೆಳಿಗ್ಗೆ ಆರರ ಬಸ್ಸಿಗೆ ಮೈಸೂರಿಗೆ ಕೆಲಸಕ್ಕೆ ಹೋಗುತ್ತಾಳೆ.