ನಳಿಕೆಗಳ ನಡುವಿನ ತೆರಪು: ಸೂಕ್ಷ್ಮದ್ರವ ಚಿಪ್‌ಗಳಲ್ಲಿ ಇಂಗಾಲದ ನ್ಯಾನೋನಳಿಕೆಗಳ ಚರಿತ್ರೆ

ಬೆರೆತುಹೋದ ಅಣುಗಳನ್ನು ಬೇರ್ಪಡಿಸಲು ಹಳೆಯ ಉಪಾಯಗಳು ಎರಡು: ಹಾದಿಯಲ್ಲಿ ತಡೆದು ನಿಲ್ಲಿಸುವ ಮೇಲ್ಮೈಯೊಂದನ್ನು ಒಡ್ಡುವುದು, ಇಲ್ಲವೇ ಹಾದಿಯನ್ನೇ ಜರಡಿಯಾಗಿಸುವುದು. ವಾರ್ಸಾದಲ್ಲಿ ಸೀಮೆಸುಣ್ಣದ ಪುಡಿ ತುಂಬಿದ ಗಾಜಿನ ಕೊಳವೆಯಲ್ಲಿ ಎಲೆಯ ವರ್ಣಕಗಳನ್ನು ಪಟ್ಟೆಪಟ್ಟೆಯಾಗಿ ಇಳಿಸಿ, 1906ರಲ್ಲಿ ಆ ವಿಧಾನಕ್ಕೆ ಕ್ರೊಮಟೋಗ್ರಫಿ ಎಂದು ಹೆಸರಿಟ್ಟ ಮಿಖಾಯಿಲ್ ತ್ಸ್ವೆಟ್‌ನದು ಮೊದಲ ಉಪಾಯ. 1990ರಲ್ಲಿ ಆಂಡ್ರಿಯಾಸ್ ಮಾಂಜ್ ಮತ್ತು ಸಂಗಡಿಗರು ಇಡೀ ರಾಸಾಯನಿಕ ವಿಶ್ಲೇಷಣೆಯನ್ನು ಬೆರಳಗಲದ ಚಿಪ್ಪಿಗೆ ಇಳಿಸುವ ಪ್ರಸ್ತಾವ ಮುಂದಿಟ್ಟರು. ಮರುವರ್ಷವೇ ಜಪಾನಿನ ಸುಮಿಯೊ ಇಜಿಮಾ ಅವರ ಲೇಖನ ಇಂಗಾಲದ ನ್ಯಾನೋನಳಿಕೆಯನ್ನು ಲೋಕದ ಗಮನಕ್ಕೆ ತಂದಿತು. ಇಂಥ ನಳಿಕೆಗಳ ಚಿತ್ರಗಳನ್ನು ಸೋವಿಯತ್ ವಿಜ್ಞಾನಿಗಳು 1952ರಲ್ಲೇ ಪ್ರಕಟಿಸಿದ್ದರು. ಓದಿದವರು ಕಡಿಮೆ, ಅಷ್ಟೆ. ಚಿಪ್ಪು ಮತ್ತು ನಳಿಕೆಯ ನಂಟನ್ನು ವಿವರಿಸುವವರು ಸಾಮಾನ್ಯವಾಗಿ ನಳಿಕೆಯ ಗುಣಗಳ ಪಟ್ಟಿಯಿಂದ ಶುರುಮಾಡುತ್ತಾರೆ: ಅಪಾರ ಮೇಲ್ಮೈ, ಬಲ, ವಿದ್ಯುದ್ವಾಹಕತೆ. ಪ್ರಯೋಗಗಳ ಚರಿತ್ರೆ ಬೇರೆಯದನ್ನೇ ಸೂಚಿಸುತ್ತದೆ. ಜೈವಿಕ ವಸ್ತುಗಳನ್ನು ಬೇರ್ಪಡಿಸುವಲ್ಲಿ ನಳಿಕೆಗಿಂತ ಹೆಚ್ಚು ಕೆಲಸಕ್ಕೆ ಬಂದದ್ದು ನಳಿಕೆಗಳ ನಡುವಿನ ತೆರಪು ಎಂಬುದು ಈ ಲೇಖನದ ವಾದ.

ಎಲ್ಲಕ್ಕಿಂತ ಹೆಚ್ಚು ಹೊಗಳಿಸಿಕೊಂಡ ವಾಹಕತೆಯನ್ನೇ ನೋಡಬಹುದು. ಚಿಪ್ಪಿನ ಕೂದಲೆಳೆಯಂಥ ಕಾಲುವೆಗಳಲ್ಲಿ ದ್ರವವನ್ನು ಪಂಪಿನಿಂದ ತಳ್ಳುವುದು ಕಷ್ಟ. ಹಾಗಾಗಿ ಎರಡು ತುದಿಗೆ ವಿದ್ಯುತ್ ಕೊಟ್ಟು ಹರಿಸುವುದು ರೂಢಿ. ಸೆಂಟಿಮೀಟರಿಗೆ 1000 ವೋಲ್ಟ್ ಇದೆ ಎನ್ನೋಣ. ಕಾಲುವೆಯ ಉದ್ದಕ್ಕೂ ಒಂದಕ್ಕೊಂದು ತಾಗಿಕೊಂಡ ನಳಿಕೆಗಳ ಹಾಸು ಇದ್ದರೆ ಅದು ನೀರಿನಲ್ಲಿ ಮುಳುಗಿಸಿದ ತಂತಿಯಂತೆ ವರ್ತಿಸುತ್ತದೆ. ನೀರು ಒಡೆಯಲು ಸೈದ್ಧಾಂತಿಕವಾಗಿ 1.23 ವೋಲ್ಟ್ ಸಾಕು. ಗುಳ್ಳೆ ಏಳುತ್ತದೆ, ಕಾಲುವೆ ಕಟ್ಟಿಕೊಳ್ಳುತ್ತದೆ, ಪ್ರಯೋಗ ಅಲ್ಲಿಗೆ ಮುಗಿಯುತ್ತದೆ. ಡೆನ್ಮಾರ್ಕಿನ ತಾಂತ್ರಿಕ ವಿಶ್ವವಿದ್ಯಾಲಯದ ಮೊಗೆನ್ಸನ್, ಕುಟ್ಟರ್ ಮತ್ತಿತರರು 2011ರಲ್ಲಿ ಕಂಡುಕೊಂಡ ಪರಿಹಾರ ಸರಳ: ನಳಿಕೆಗಳನ್ನು ಹಾಸಾಗಿ ಬೆಳೆಸದೆ, ಒಂದಕ್ಕೊಂದು ತಾಗದ ಪುಟ್ಟ ಪುಟ್ಟ ಕಂತೆಗಳಾಗಿ ನೆಟ್ಟರು. 10 ಮೈಕ್ರೊಮೀಟರ್ ಅಗಲದ ಕಂತೆಯ ಪಾಲಿಗೆ ಬರುವುದು ಅಂದಾಜು 1 ವೋಲ್ಟ್; ಕಂತೆ ಇನ್ನೂ ಸಣ್ಣದಾದರೆ ಅದೂ ಇಲ್ಲ. ಇಲ್ಲಿ ಗೆದ್ದದ್ದು ವಾಹಕತೆಯಲ್ಲ, ಅದನ್ನು ತುಂಡರಿಸಿದ ಖಾಲಿ ಜಾಗ. ತಮಾಷೆಯೆಂದರೆ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎ. ಕೆ. ಸೂದ್ ಮತ್ತು ಸಂಗಡಿಗರು 2003ರಲ್ಲಿ ಇದಕ್ಕೆ ತಿರುಗುಮುರುಗಾದ ಸಂಬಂಧವನ್ನು ತೋರಿಸಿದ್ದರು: ನಳಿಕೆಗಳ ಮೇಲೆ ದ್ರವ ಹರಿದರೆ ವೋಲ್ಟೇಜ್ ಹುಟ್ಟುತ್ತದೆ. ಹರಿವನ್ನು ಅಳೆಯುವವರಿಗೆ ವರವಾದ ಗುಣ ಬೇರ್ಪಡಿಸುವವರಿಗೆ ತೊಡಕಾಯಿತು.

ಮೇಲ್ಮೈಯಾದರೂ ನಳಿಕೆಯ ಸ್ವಂತ ಸಾಧನೆಯಲ್ಲವೇ ಎಂದು ಕೇಳಬಹುದು. ಇದಕ್ಕೆ ಗಟ್ಟಿಯಾದ ಸಾಕ್ಷಿ ಶಾಂಘೈನ ಫುಡಾನ್ ವಿಶ್ವವಿದ್ಯಾಲಯದಿಂದ 2006ರಲ್ಲಿ ಬಂದ ಪ್ರಯೋಗ. ಟ್ರಿಪ್ಟೊಫಾನ್ ಎಂಬ ಅಮೈನೊ ಆಮ್ಲದ ಎಡ ಮತ್ತು ಬಲ ರೂಪಗಳನ್ನು, ಅಂದರೆ ಎಡಗೈ ಬಲಗೈಗಳಂತೆ ಪರಸ್ಪರ ಪ್ರತಿಬಿಂಬವಾದ ಅಣುಗಳನ್ನು, ನಳಿಕೆಗಳಿದ್ದ ಕಾಲುವೆಯಲ್ಲಿ ಬೇರ್ಪಡಿಸಲಾಯಿತು. ಆದರೆ ಆ ನಳಿಕೆಗಳಿಗೆ ಹಸುವಿನ ರಕ್ತದ ಆಲ್ಬುಮಿನ್ ಪ್ರೋಟೀನನ್ನು ಜೋಡಿಸಲಾಗಿತ್ತು. ಎಡ–ಬಲ ಗುರುತಿಸಿದ್ದು ಪ್ರೋಟೀನು. ನಳಿಕೆ ಅದಕ್ಕೆ ಕೂರಲು ವಿಶಾಲ ಜಗಲಿ ಒದಗಿಸಿತು. ಜಗಲಿಯ ಉಪಕಾರವನ್ನು ಅಲ್ಲಗಳೆಯಬೇಕಿಲ್ಲ, ಆದರೆ ಗುರುತಿಸಿದ ಶ್ರೇಯಸ್ಸು ಅದಕ್ಕೆ ಸಲ್ಲದು.

ತೆರಪಿನ ಮಹತ್ವ ನಿಚ್ಚಳವಾಗುವುದು ಅಮೆರಿಕದ ಎರಡು ಪ್ರಯೋಗಗಳಲ್ಲಿ. ಎಂಐಟಿಯ ಬ್ರಯನ್ ವಾರ್ಡಲ್ ಮತ್ತು ಹಾರ್ವರ್ಡ್‌ನ ಮೆಹ್ಮೆಟ್ ಟೋನರ್ ತಂಡ 2011ರಲ್ಲಿ ನೆಟ್ಟಗೆ ಬೆಳೆದ ನಳಿಕೆಗಳಿಂದಲೇ ಕಾಲುವೆಯೊಳಗೆ ಕಂಬಗಳನ್ನು ಕಟ್ಟಿತು. ಹೊರಗಿನಿಂದ ಗಟ್ಟಿ ಕಂಬ, ಒಳಗೆ ನೂರಕ್ಕೆ 99 ಪಾಲು ಖಾಲಿ. ಕೋಶಗಳು ಕಂಬದ ಹೊರಮೈಗೆ ಸಿಕ್ಕಿದರೆ, ಅವಕ್ಕಿಂತ ಎಷ್ಟೋ ಸಣ್ಣ ಕಣಗಳು ದ್ರವದೊಂದಿಗೆ ಒಳಕ್ಕೇ ನುಗ್ಗಿದವು. ಪೆನ್ಸಿಲ್ವೇನಿಯ ಸ್ಟೇಟ್ ವಿಶ್ವವಿದ್ಯಾಲಯದವರು 2016ರಲ್ಲಿ ಪ್ರಕಟಿಸಿದ ಸಾಧನದಲ್ಲಿ ನಳಿಕೆಗಳ ನಡುವಣ ಅಂತರವನ್ನು 17ರಿಂದ 325 ನ್ಯಾನೋಮೀಟರ್‌ವರೆಗೆ ಬೇಕಾದಂತೆ ಹೊಂದಿಸಬಹುದಿತ್ತು. ನಳಿಕೆ ಮೊಳೆಯಲು ಬೇಕಾದ ಕಬ್ಬಿಣದ ಲೇಪ ಎಷ್ಟು ತೆಳುವೋ ಅದರ ಮೇಲೆ ಅಂತರ ನಿಂತಿದೆ. ನಾಟಿ ಮಾಡುವವರು ಸಾಲು ಬಿಡುವ ಲೆಕ್ಕದಂತೆಯೇ. ಅದರಲ್ಲಿ ಹಕ್ಕಿಜ್ವರದ ವೈರಸ್ಸುಗಳು, ಯಾವ ಪ್ರತಿಕಾಯವನ್ನೂ ಹಚ್ಚದೆ, ಬರೀ ಗಾತ್ರದ ಕಾರಣಕ್ಕೆ ಸಿಕ್ಕಿಬಿದ್ದು ನೂರು ಪಟ್ಟಿನಷ್ಟು ಸಾಂದ್ರವಾದವು.

ಇದಕ್ಕೆ ಎರಡು ಆಕ್ಷೇಪಗಳು ಸಾಧ್ಯ. ತೆರಪೇ ಮುಖ್ಯವಾದರೆ ಸಿಲಿಕಾನಿನಲ್ಲೇ ಕಂಬ ಕೊರೆಯಬಹುದಲ್ಲ? ಕೊರೆಯಬಹುದು; ಪರ್ಡ್ಯೂ ವಿಶ್ವವಿದ್ಯಾಲಯದಲ್ಲಿ ಫ್ರೆಡ್ ರೆಗ್ನಿಯರ್ ತಂಡ 1998ರಲ್ಲೇ ಕ್ವಾರ್ಟ್ಸ್‌ನಲ್ಲಿ ಅಂಥ ಸ್ತಂಭಮಾಲೆ ಕೊರೆದಿತ್ತು. ಆದರೆ ಘನ ಕಂಬವನ್ನು ದ್ರವ ಬಳಸಿಕೊಂಡು ಹೋಗುತ್ತದೆ, ನಳಿಕೆಯ ಕಂಬವನ್ನು ಹಾದುಹೋಗುತ್ತದೆ. ಹತ್ತಿಪ್ಪತ್ತು ನ್ಯಾನೋಮೀಟರ್ ಸಂದಿಯನ್ನು ಆ ಎತ್ತರಕ್ಕೆ ಕೊರೆಯುವುದು ದುಬಾರಿಯೂ ಹೌದು. ಎರಡನೆಯ ಆಕ್ಷೇಪ ಹೆಚ್ಚು ತೂಕದ್ದು: ವೈರಸ್ಸು ಅಣುವಲ್ಲ, ಅಣುಗಳಿಂದ ಶುರುವಾದ ಪ್ರಯತ್ನ ದೊಡ್ಡ ಕಣಗಳಿಗೆ ಬಂದು ನಿಂತದ್ದು ಹಿನ್ನಡೆಯಲ್ಲವೇ? ಒಂದರ್ಥದಲ್ಲಿ ಹೌದು. ಸಣ್ಣ ಅಣುಗಳ ಮಟ್ಟದಲ್ಲಿ ನಳಿಕೆಗೆ ಪ್ರೋಟೀನಿನಂಥ ಜೊತೆಗಾರ ಬೇಕೇ ಬೇಕಾಗಿದೆ. ಜರಡಿಯ ದಾರಿಗೂ ತನ್ನದೇ ಸಂಕಟವಿದೆ. ನಳಿಕೆಗಳ ಈ ಪೈರು ಒಮ್ಮೆ ನೆನೆದು ಒಣಗಿದರೆ ನೀರಿನ ಎಳೆತಕ್ಕೆ ತುದಿಗಳು ಒಂದಕ್ಕೊಂದು ಅಂಟಿ, ಒದ್ದೆ ಕೂದಲಿನಂತೆ ಜಡೆಗಟ್ಟುತ್ತವೆ; ಅಷ್ಟು ನಾಜೂಕಾಗಿ ಅಳೆದಿಟ್ಟ ಅಂತರ ಆಗ ಉಳಿಯುವುದಿಲ್ಲ.