ನೀರಿನ ಮೇಲೆ ನಡೆದುಬರುವ ಯೇಸು

ಜೇಮ್ಸ್ ಟಿಸೋ (1836–1902), ಫ್ರಾನ್ಸ್
ಬೂದುಬಣ್ಣದ ಕಾಗದದ ಮೇಲೆ ಸೀಸದಕಡ್ಡಿಯ ರೇಖೆ ಹಾಗೂ ಅಪಾರದರ್ಶಕ ಜಲವರ್ಣ, 1886–1894
ಬ್ರೂಕ್ಲಿನ್ ಮ್ಯೂಸಿಯಂ, ನ್ಯೂಯಾರ್ಕ್

ಐದು ರೊಟ್ಟಿ, ಎರಡು ಮೀನುಗಳಿಂದ ಐದು ಸಾವಿರ ಮಂದಿಯ ಹಸಿವನ್ನು ತಣಿಸಿದ ಆ ದಿನದ ಇರುಳಿನಲ್ಲಿಯೇ, ಎದುರುಗಾಳಿಗೆ ಸಿಲುಕಿ ಗಲಿಲಾಯ ಸಮುದ್ರದ ನಡುವೆ ಹುಟ್ಟುಹಾಕಿ ಬಳಲುತ್ತಿದ್ದ ಶಿಷ್ಯರೆಡೆಗೆ ಯೇಸು ತೆರೆಗಳ ಮೇಲೆ ನಡೆದುಬಂದನೆಂದೂ, ಅವರು ಅವನನ್ನು ಭೂತವೆಂದು ಭ್ರಮಿಸಿ ಚೀರಿದರೆಂದೂ ಮತ್ತಾಯ, ಮಾರ್ಕರ ಸುವಾರ್ತೆಗಳು ನಿರೂಪಿಸುತ್ತವೆ.

ನಾಗರಿಕ ಸಮಾಜದ ಬೆಡಗಿನ ವನಿತೆಯರನ್ನು ಚಿತ್ರಿಸಿ ಖ್ಯಾತನಾಗಿದ್ದ ಟಿಸೋ, 1885ರಲ್ಲಿ ಪ್ಯಾರಿಸ್ಸಿನ ಸೇಂಟ್ ಸುಲ್ಪೀಸ್ ದೇವಾಲಯದಲ್ಲಿ ತನಗಾದ ದಿವ್ಯಾನುಭವದಿಂದ ಪ್ರೇರಿತನಾಗಿ, ಪ್ಯಾಲೆಸ್ಟೈನಿಗೆ ಹೋಗಿ ಅಲ್ಲಿಯ ನೆಲ, ಜನ, ಉಡುಗೆತೊಡುಗೆಗಳನ್ನು ಕಣ್ಣಾರೆ ಕಂಡು ರಚಿಸಿದ ಕ್ರಿಸ್ತಚರಿತ್ರೆಯ 350 ಚಿತ್ರಗಳಲ್ಲಿ ಇದೂ ಒಂದು.

ತೆಳುವಾದ ಜಲವರ್ಣದಲ್ಲಿ ಬೆಳಕೆಂಬುದು ಬಿಳಿಯ ಕಾಗದವನ್ನೇ ಬರಿದಾಗಿ ಬಿಡುವುದರಿಂದ ಮೂಡತಕ್ಕದ್ದು; ಇಲ್ಲಿಯಾದರೋ ಕಾಗದವೇ ಬೂದುಬಣ್ಣದ್ದಾದುದರಿಂದ, ಕಲಾವಿದನು ಗಟ್ಟಿಯಾದ ಬಿಳಿಯ ವರ್ಣವನ್ನು ಮೇಲೆ ಲೇಪಿಸಿಯೇ ಬೆಳಕನ್ನು ಸೃಷ್ಟಿಸಬೇಕಾಯಿತು. ಕಡಲಿನ ಕತ್ತಲೆಯಲ್ಲಿ ಬೆಳಗುವ ಆ ಶ್ವೇತಾಕೃತಿಯನ್ನು ತುಸು ಬಾಗಿ ನೋಡಿ: ಶಿಷ್ಯರ ಭಯಕ್ಕೂ ಭಕ್ತಿಗೂ ಅದೊಂದೇ ಕಾರಣವೆಂಬುದು ಸ್ಪಷ್ಟವಾಗುತ್ತದೆ.

1900ರಲ್ಲಿ ಸಾರ್ವಜನಿಕರ ವಂತಿಗೆಯ ನೆರವಿನಿಂದ ಮ್ಯೂಸಿಯಂ ಈ ಮಾಲಿಕೆಯನ್ನು ಕೊಂಡುಕೊಂಡಿತು. ಕಾಗದದ ಮೇಲಣ ಬಣ್ಣಗಳು ಪ್ರಖರವಾದ ಬೆಳಕಿಗೆ ಮಾಸುವುದರಿಂದ ಇಂತಹ ಚಿತ್ರಗಳನ್ನು ಮಂದಪ್ರಕಾಶದಲ್ಲಿಯೇ ನೋಡತಕ್ಕದ್ದು. ಪ್ರೇಕ್ಷಕರು ದಯವಿಟ್ಟು ಫ್ಲಾಶ್ ಬಳಸಬಾರದು.