ನಿತ್ಯಪುಷ್ಪ

ಕಣಗಿಲೆಯ ಕುಟುಂಬಕ್ಕೆ ಸೇರಿದ, ವರ್ಷವಿಡೀ ಹೂಬಿಡುವ ಪುಟ್ಟ ಗಿಡ. ಸದಾಪುಷ್ಪ, ಕಾಶಿ ಕಣಗಿಲೆ ಎಂಬ ಹೆಸರುಗಳೂ ಇವೆ. ಶಾಸ್ತ್ರೀಯ ಹೆಸರು ಕ್ಯಾಥರಾಂಥಸ್ ರೋಸಿಯಸ್. ತವರು ಮಡಗಾಸ್ಕರ್ ದ್ವೀಪವಾದರೂ ಕರ್ನಾಟಕದ ಹಿತ್ತಿಲುಗಳಲ್ಲಿ, ದೇವಸ್ಥಾನದ ಅಂಗಳಗಳಲ್ಲಿ, ಹಳೆಯ ಗೋಡೆಯ ಬಿರುಕುಗಳಲ್ಲಿ ಕೂಡ ಬೇರೂರಿದೆ. ಎಲೆ ನುಣುಪು, ನಡುನರ ಬಿಳುಪು. ಹೂವಿಗೆ ಐದು ಎಸಳು, ಬಣ್ಣ ನಸುಗೆಂಪು ಇಲ್ಲವೆ ಬಿಳಿ. ಎಲೆ ಕಹಿಯಾದ್ದರಿಂದ ದನಕರುಗಳು ಸಾಮಾನ್ಯವಾಗಿ ಬಾಯಿ ಹಾಕುವುದಿಲ್ಲ.

ಭಾರತ, ಫಿಲಿಪ್ಪೀನ್ಸ್, ಜಮೈಕಾಗಳ ಮನೆಮದ್ದಿನಲ್ಲಿ ಇದು ಸಕ್ಕರೆ ಕಾಯಿಲೆಗೆ ಹೆಸರಾದದ್ದು. 1952ರಲ್ಲಿ ಜಮೈಕಾದಿಂದ ಕೆನಡಾದ ವೈದ್ಯ ಕ್ಲಾರ್ಕ್ ನೋಬಲ್ ಅವರಿಗೆ ಇದರ ಎಲೆಗಳು ಬಂದವು. ಅವರ ತಮ್ಮ ರಾಬರ್ಟ್ ನೋಬಲ್ ಎಲೆಯ ಕಷಾಯವನ್ನು ಇಲಿಗಳಿಗೆ ಕುಡಿಸಿದರೆ ರಕ್ತದ ಸಕ್ಕರೆ ಇಳಿಯಲಿಲ್ಲ. ಚುಚ್ಚುಮದ್ದಾಗಿ ಕೊಟ್ಟಾಗ ಇಲಿಗಳು ಸೋಂಕು ತಗುಲಿ ಸತ್ತವು. ಅವುಗಳ ಬಿಳಿ ರಕ್ತಕಣಗಳು ತೀರಾ ಕುಸಿದಿದ್ದವು. ಪ್ರಯೋಗ ಸೋತಿತೆಂದು ಕೈಬಿಡದೆ ಆ ಕುಸಿತದ ಕಾರಣವನ್ನೇ ಬೆನ್ನುಹತ್ತಿದ್ದು ಈ ಸಂಶೋಧನೆಯ ದೊಡ್ಡತನ. ಬಿಳಿ ಕಣಗಳು ಮಿತಿಮೀರುವ ರಕ್ತದ ಕ್ಯಾನ್ಸರಿಗೆ ಇದೇ ಮದ್ದಾಗಬಹುದೆಂಬ ದಾರಿ ಹೊಳೆಯಿತು. ರಾಬರ್ಟ್ ನೋಬಲ್ ಮತ್ತು ಅವರ ಸಹಸಂಶೋಧಕ ಚಾರ್ಲ್ಸ್ ಬಿಯರ್ ವಿನ್‌ಬ್ಲಾಸ್ಟಿನ್ ಎಂಬ ಕ್ಷಾರಾಭವನ್ನು ಬೇರ್ಪಡಿಸಿ 1958ರಲ್ಲಿ ಪ್ರಕಟಿಸಿದರು. ಅದೇ ಕಾಲಕ್ಕೆ ಅಮೆರಿಕದ ಎಲಿ ಲಿಲ್ಲಿ ಕಂಪನಿಯೂ ಈ ಗಿಡದ ಬೆನ್ನು ಹತ್ತಿತ್ತು. ಅಲ್ಲಿಂದ ವಿನ್‌ಕ್ರಿಸ್ಟಿನ್ ಬಂದು 1963ರಲ್ಲಿ ಬಳಕೆಗೆ ಅನುಮತಿ ಪಡೆಯಿತು.

ಜೀವಕೋಶ ಒಡೆದು ಎರಡಾಗುವಾಗ ವರ್ಣತಂತುಗಳನ್ನು ಇಬ್ಬದಿಗೆ ಎಳೆಯುವ ಸೂಕ್ಷ್ಮನಳಿಕೆಗಳು ಕಟ್ಟಿಕೊಳ್ಳದಂತೆ ಈ ಎರಡು ಔಷಧಿಗಳೂ ತಡೆಯುತ್ತವೆ. ವಿಭಜನೆ ಅರ್ಧಕ್ಕೇ ನಿಂತು ಕೋಶ ಸಾಯುತ್ತದೆ. ಮಕ್ಕಳ ರಕ್ತದ ಕ್ಯಾನ್ಸರಿಗೆ ವಿನ್‌ಕ್ರಿಸ್ಟಿನ್, ಹಾಡ್ಜ್‌ಕಿನ್ ಲಿಂಫೋಮಕ್ಕೆ ವಿನ್‌ಬ್ಲಾಸ್ಟಿನ್ ಇಂದಿಗೂ ಇತರ ಔಷಧಿಗಳ ಜೊತೆ ಬಳಕೆಯಲ್ಲಿವೆ.

ಎಲೆಯಲ್ಲಿ ಇವುಗಳ ಪ್ರಮಾಣ ಅತ್ಯಲ್ಪ: ಒಂದು ಗ್ರಾಂ ವಿನ್‌ಬ್ಲಾಸ್ಟಿನ್‌ಗೆ ಸುಮಾರು 500 ಕೆ.ಜಿ. ಒಣಗಿದ ಎಲೆ ಬೇಕು. 2022ರಲ್ಲಿ ವಿಜ್ಞಾನಿಗಳು ಮಾರ್ಪಡಿಸಿದ ಯೀಸ್ಟ್‌ನಿಂದ ಇದರ ಎರಡು ಮೂಲಘಟಕಗಳನ್ನು ತಯಾರಿಸಿ, ಅವನ್ನು ಕೂಡಿಸಿ ವಿನ್‌ಬ್ಲಾಸ್ಟಿನ್ ಪಡೆದರು.

ಬೆಳಗ್ಗೆ ಬರಿಹೊಟ್ಟೆಯಲ್ಲಿ ಇದರ ಎಲೆ, ಹೂ ಅಗಿಯುವವರು ನಮ್ಮಲ್ಲಿ ಇನ್ನೂ ಇದ್ದಾರೆ. ಆದರೆ ಗಿಡದ ಎಲ್ಲ ಭಾಗಗಳೂ ವಿಷಕಾರಿ. ನೋಬಲ್ ಅವರ ಇಲಿಗಳಲ್ಲಿ ಸಕ್ಕರೆ ಇಳಿಯದಿದ್ದರೂ, ಸಕ್ಕರೆ ಕಾಯಿಲೆಯ ಮಾತ್ರೆ ನುಂಗುವವರು ಜೊತೆಗೆ ಇದನ್ನೂ ತಿಂದರೆ ಸಕ್ಕರೆ ಹಠಾತ್ತನೆ ಇಳಿಯುವ ಅಪಾಯವಿದೆ, ಬಸುರಿಯರಂತೂ ಸೇವಿಸಲೇಬಾರದು. ಕ್ಯಾನ್ಸರಿಗೆ ಮದ್ದಾಗುವುದು ಶುದ್ಧೀಕರಿಸಿ, ತೂಕ ಲೆಕ್ಕ ಹಾಕಿ, ವೈದ್ಯರ ಕಣ್ಗಾವಲಿನಲ್ಲಿ ರಕ್ತನಾಳಕ್ಕೆ ಕೊಡುವ ಚುಚ್ಚುಮದ್ದೇ ಹೊರತು ಹಿತ್ತಿಲಿನ ಎಲೆಯಲ್ಲ.